ಅಂಡಮಾನಿನ ಶಾಮಾ, ನಮ್ಮ ಘಟ್ಟದ ಶಾಮಾ: ಒಂದೇ ಹಕ್ಕಿನಾ, ಎರಡಾ?

ಕಾಳಿತೀರ:
ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ತಲೆ ತಿನ್ನುತ್ತಿದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಕಳೆದ ತಿಂಗಳು ಮನೆಯವರ ಜೊತೆ ಅಂಡಮಾನಿಗೆ ಹೋಗಿದ್ದೆ. ಹಕ್ಕಿ ನೋಡೋಕೆ ಅಂತ ಸಿಕ್ಕಿದ್ದು ಒಂದೇ ಒಂದು ಬೆಳಗ್ಗೆ. ಪೋರ್ಟ್ ಬ್ಲೇರಿನಿಂದ ಸುಮಾರು 25 ಕಿ.ಮೀ. ದೂರದ ಚಿಡಿಯಾ ಟಾಪುಗೆ ಹೋದೆ. ಬೆಳಕು ಹರಿಯುವ ಹೊತ್ತಿಗೆ ಕಾಡಿನ ಒಳಗಿಂದ ಒಂದು ಹಾಡು ಬಂತು. ನಾನು ಗಣೇಶಗುಡಿ ಕಡೆಯವನು, ಶಾಮಾದ ಹಾಡು ಕೇಳಿಕೊಂಡೇ ಬೆಳೆದವನು. ಶಾಮಾ ಅಂತ ಕಿವಿ ಹೇಳಿತು, ಆದರೆ ಪೂರ್ತಿ ಒಪ್ಪಲಿಲ್ಲ. ನಮ್ಮೂರಿನವರೇ ಯಾರೋ ಬೇರೆ ಊರಿನ ರಾಗದಲ್ಲಿ ಮಾತಾಡಿದ ಹಾಗಿತ್ತು. ಹತ್ತು ನಿಮಿಷ ಅಲ್ಲಾಡದೆ ನಿಂತ ಮೇಲೆ ಹಕ್ಕಿ ಕಾಣಿಸಿತು. ಹೊಟ್ಟೆ ಬೆಳ್ಳಗಿತ್ತು! ನಮ್ಮ ಶಾಮಾದ ಹೊಟ್ಟೆ ಒಳ್ಳೆ ಇಟ್ಟಿಗೆ ಬಣ್ಣ ಅಲ್ವಾ? ಇದಕ್ಕೆ ಆ ಬಣ್ಣ ಪಕ್ಕೆಯಲ್ಲಿ, ಬಾಲದ ಬುಡದ ಕೆಳಗೆ ಮಾತ್ರ. ಬಾಲವೂ ಗಿಡ್ಡ.

ಈಗ ಪ್ರಶ್ನೆ. ನನ್ನ ಹತ್ತಿರ ಇರುವ ಹಳೇ ಪುಸ್ತಕ ಇದನ್ನು ಶಾಮಾದ ಒಂದು ಉಪಪ್ರಭೇದ ಅನ್ನುತ್ತದೆ. ಹಕ್ಕಿ ನೋಡಿದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣ ನೋಡಿದರೆ ಅಂಡಮಾನ್ ಶಾಮಾ ಅಂತ ಬೇರೆಯೇ ಪ್ರಭೇದ. ಯಾವುದನ್ನು ನಂಬಲಿ? ಪಟ್ಟಿಯಲ್ಲಿ ಒಂದು ಸಂಖ್ಯೆ ಜಾಸ್ತಿ ಆಗಲಿ ಅಂತ ಕೇಳುತ್ತಿಲ್ಲ. ನಾನು ಅವತ್ತು ನೋಡಿದ್ದು ಏನನ್ನು ಅಂತ ನಿಜಕ್ಕೂ ತಿಳಿಯಬೇಕು.

ಕೊಪ್ಪದ ಮಳೆ:
ಬೇರೆ ಪ್ರಭೇದ. ಕಣ್ಣುಮುಚ್ಚಿ ಎರಡು ಅಂತ ಬರೆದುಕೊಳ್ಳಿ.

ಬಿಸಿಲೆ ದಾರಿ:
ಅಷ್ಟು ಸುಲಭವಾಗಿ ಹೇಳಬೇಡಿ ಅಣ್ಣ. ಹೊಟ್ಟೆ ಬಿಳಿ ಇದ್ದರೆ ಬೇರೆ ಪ್ರಭೇದನಾ? ಹಾಗಾದರೆ ಅದೇ ಅಂಡಮಾನಿನಲ್ಲಿ ಮಡಿವಾಳ ಹಕ್ಕಿಯೂ ಇದೆ. ಅದು ಶಾಮಾದ ಹತ್ತಿರದ ನೆಂಟ, ಎರಡೂ ಕಾಪ್ಸಿಕಸ್ ಕುಲಕ್ಕೇ ಸೇರಿದವು. ಆ ಮಡಿವಾಳಕ್ಕೂ ಅಂಡಮಾನೆನ್ಸಿಸ್ ಅಂತ ಉಪಪ್ರಭೇದದ ಹೆಸರು ಕೊಟ್ಟಿದ್ದಾರೆ. ಆದರೆ ಅದನ್ನು ಬೇರೆ ಪ್ರಭೇದ ಅಂತ ಯಾರೂ ಮಾಡಿಲ್ಲ. ಒಂದೇ ದ್ವೀಪ, ಒಂದೇ ಸಮುದ್ರ, ಒಂದಕ್ಕೆ ಒಂದು ನ್ಯಾಯ ಇನ್ನೊಂದಕ್ಕೆ ಇನ್ನೊಂದು ನ್ಯಾಯ ಯಾಕೆ? ಈಗ ಎಲ್ಲದಕ್ಕೂ ಸ್ಪ್ಲಿಟ್, ಸ್ಪ್ಲಿಟ್, ಒಂದು ಪ್ರಭೇದವನ್ನು ಒಡೆದು ಎರಡು ಮಾಡುವುದು. ಹೀಗೆ ಹೋದರೆ ಕೊನೆಗೆ ಒಂದೊಂದು ಗುಡ್ಡಕ್ಕೂ ಒಂದೊಂದು ಪ್ರಭೇದ ಆಗುತ್ತದೆ.

ಲ್ಯಾಬಿನ ಹುಡುಗಿ:
ಬಿಸಿಲೆ ಅಣ್ಣ, ಮಡಿವಾಳದ ಉದಾಹರಣೆ ತುಂಬಾ ಚೆನ್ನಾಗಿದೆ. ಆದರೆ ಅದು ನಿಮ್ಮ ವಾದಕ್ಕೆ ಅಲ್ಲ, ಎದುರು ವಾದಕ್ಕೆ ಸಹಾಯ ಮಾಡುತ್ತದೆ. ದ್ವೀಪದಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಯಾರೂ ಬೇರೆ ಮಾಡಿಲ್ಲ ಅಂತ ಆಯ್ತಲ್ಲ? ಅಂಡಮಾನಿನ ಮಡಿವಾಳವನ್ನು ನೋಡಿದರೆ ಯಾರಾದರೂ ಮಡಿವಾಳ ಅಂತಲೇ ಹೇಳುತ್ತಾರೆ. ಶಾಮಾದ ಮುಂದೆ ಕಾಳಿತೀರ ಅವರೇ ಒಂದು ಕ್ಷಣ ಅನುಮಾನಪಟ್ಟರು. ಅವರು ಶಾಮಾದ ಊರಿನವರು.

ಸಮಸ್ಯೆಯ ಬುಡ ಇರುವುದು ಬೇರೆ ಕಡೆ. ಪ್ರಭೇದ ಅಂದರೇನು ಅನ್ನುವುದಕ್ಕೆ ನಾವು ಶಾಲೆಯಲ್ಲಿ ಕಲಿತ ಉತ್ತರ ಅರ್ನ್ಸ್ಟ್ ಮೇಯರ್ 1942ರಲ್ಲಿ ಗಟ್ಟಿ ಮಾಡಿದ್ದು. ತಮ್ಮತಮ್ಮಲ್ಲೇ ಕೂಡಿ ಮರಿ ಮಾಡುವ, ಬೇರೆ ಗುಂಪಿನ ಜೊತೆ ಹಾಗೆ ಬೆರೆಯದ ಗುಂಪು ಒಂದು ಪ್ರಭೇದ. ಒಂದೇ ಕಾಡಿನಲ್ಲಿ ಇರುವ ಎರಡು ಹಕ್ಕಿಗಳಿಗೆ ಇದು ಸರಿಯಾಗಿ ಹೊಂದುತ್ತದೆ. ದ್ವೀಪದ ಹಕ್ಕಿಗೆ ಹೇಗೆ ಪರೀಕ್ಷೆ ಮಾಡುತ್ತೀರಿ? ಘಟ್ಟದ ಶಾಮಾ ಬಂಗಾಳ ಕೊಲ್ಲಿ ದಾಟಿ ಅಂಡಮಾನಿಗೆ ಹೋಗುವುದಿಲ್ಲ. ಅವು ಎದುರುಬದುರಾದರೆ ಜೊತೆಯಾಗುತ್ತವಾ ಇಲ್ಲವಾ ಅಂತ ಕಾಡಿನಲ್ಲಿ ನೋಡುವ ದಾರಿಯೇ ಇಲ್ಲ. ಪಂಜರದಲ್ಲಿ ಜೊತೆಗಿಟ್ಟು ನೋಡಿದರೆ ಅದಕ್ಕೆ ಬೆಲೆ ಇಲ್ಲ, ಪಂಜರದಲ್ಲಿ ಎಂತೆಂಥ ಹಕ್ಕಿಗಳೋ ಜೊತೆಯಾಗುತ್ತವೆ.

ಹಾಗಾಗಿ ಎಲ್ಲರೂ ಅಳತೆಗೋಲು ಹುಡುಕಿದರು. 2010ರಲ್ಲಿ ಒಂದು ಅಂಕದ ಪದ್ಧತಿ ಬಂತು. ಬಣ್ಣ, ಅಳತೆ, ಹಾಡು, ನಡವಳಿಕೆ ಹೀಗೆ ಒಂದೊಂದು ವ್ಯತ್ಯಾಸಕ್ಕೂ 1ರಿಂದ 4ರವರೆಗೆ ಅಂಕ. ಒಟ್ಟು 7 ಬಂದರೆ ಬೇರೆ ಪ್ರಭೇದ. ಹಕ್ಕಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಬರ್ಡ್‌ಲೈಫ್‌ನವರು ಪ್ರಪಂಚದ ಹಕ್ಕಿಗಳ ಪಟ್ಟಿ ಮಾಡುವಾಗ ಇದನ್ನೇ ಬಳಸಿದರು. ಆ ಪಟ್ಟಿಯ ಹಾಡುಹಕ್ಕಿಗಳ ಸಂಪುಟ ಬಂದಿದ್ದು 2016ರಲ್ಲಿ.

ಬಿಸಿಲೆ ದಾರಿ:
ಅಂಕ ಕೊಡುವುದು ಯಾರು? ಬಿಳಿ ಹೊಟ್ಟೆಗೆ ಒಬ್ಬರು 3 ಕೊಡುತ್ತಾರೆ, ಇನ್ನೊಬ್ಬರು 2 ಕೊಡುತ್ತಾರೆ. 7 ಬಂದರೆ ಪ್ರಭೇದ, 6 ಬಂದರೆ ಅಲ್ಲ ಅಂದರೆ ನನಗೆ ಒಪ್ಪಿಗೆ ಆಗುವುದಿಲ್ಲ. ಇದು ಪರೀಕ್ಷೆಯಲ್ಲಿ 35ಕ್ಕೆ ಪಾಸು, 34ಕ್ಕೆ ಫೇಲು ಅಂದ ಹಾಗೆ.

ಲ್ಯಾಬಿನ ಹುಡುಗಿ:
ಆ ಆಕ್ಷೇಪ ನ್ಯಾಯವಾದದ್ದು. ಪದ್ಧತಿ ಬಂದ ದಿನದಿಂದ ಅದನ್ನು ಹೇಳುತ್ತಲೇ ಇದ್ದಾರೆ. ನಾನೂ ಬರೀ ಅಂಕವನ್ನು ನಂಬುವುದಿಲ್ಲ. ಆದರೆ ಡಿಎನ್‌ಎ ನೋಡಿದರೂ ಇದೇ ಕಥೆ. ಇಷ್ಟು ಶೇಕಡಾ ವ್ಯತ್ಯಾಸ ಬಂದರೆ ಪ್ರಭೇದ ಅಂತ ಎಲ್ಲಾ ಹಕ್ಕಿಗಳಿಗೂ ಹೊಂದುವ ಒಂದು ಸಂಖ್ಯೆ ಇಲ್ಲವೇ ಇಲ್ಲ. ಬಣ್ಣ, ಹಾಡು, ಡಿಎನ್‌ಎ ಮೂರೂ ಒಂದೇ ಕಡೆ ಕೈ ತೋರಿಸಿದರೆ ಧೈರ್ಯ ಬರುತ್ತದೆ, ಅಷ್ಟೆ.

ನಿವೃತ್ತ ಮೇಷ್ಟ್ರು:
ಒಂದು ಹಳೆಯ ವಿಷಯ ಸೇರಿಸುತ್ತೇನೆ. ಇದು ಹೊಸದಾಗಿ ಯಾರೋ ಹುಟ್ಟುಹಾಕಿದ ಪ್ರಭೇದ ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ಈ ಹಕ್ಕಿಗೆ ಆಲ್ಬಿವೆಂಟ್ರಿಸ್ ಅಂತ ಹೆಸರಿಟ್ಟವರು ಎಡ್ವರ್ಡ್ ಬ್ಲೈತ್, 1850ರ ದಶಕದಲ್ಲಿ. ಬಿಳಿ ಹೊಟ್ಟೆಯದು ಅಂತಲೇ ಆ ಹೆಸರಿನ ಅರ್ಥ. ಕಾಳಿತೀರ ಅವರು ಮೊದಲು ಗಮನಿಸಿದ್ದೂ ಅದನ್ನೇ ನೋಡಿ! ಬ್ಲೈತ್ ಆಗ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಮ್ಮಿನಲ್ಲಿ ಕ್ಯುರೇಟರ್ ಆಗಿದ್ದರು. ಅವರು ಇದನ್ನು ಬೇರೆ ಪ್ರಭೇದ ಅಂತಲೇ ಬರೆದಿದ್ದು. ಆಮೇಲೆ 20ನೇ ಶತಮಾನದಲ್ಲಿ ಹತ್ತಿರದ ರೂಪಗಳನ್ನೆಲ್ಲ ಒಂದೇ ಪ್ರಭೇದದ ಕೆಳಗೆ ಉಪಪ್ರಭೇದ ಮಾಡಿ ಸೇರಿಸುವ ಕಾಲ ಬಂತು, ಶಾಮಾವೂ ಹಾಗೇ ಸೇರಿಕೊಂಡಿತು. ಈಗ ಮತ್ತೆ ಹೊರಗೆ ಬಂದಿದೆ. ಹೊಸದಾಗಿ ಬೇರೆ ಮಾಡಿದ್ದಲ್ಲ, ಬೇರೆಯಾಗಿದ್ದದ್ದು ವಾಪಸ್ ಬಂದಿದೆ.

ನಾನು ಹಕ್ಕಿ ನೋಡಲು ಶುರು ಮಾಡಿದಾಗ ಶಾಮಾ, ಮಡಿವಾಳ ಎರಡೂ ಥ್ರಶ್ ಕುಟುಂಬದಲ್ಲಿದ್ದವು. ಈಗ ಎರಡೂ ಫ್ಲೈಕ್ಯಾಚರ್ ಕುಟುಂಬದಲ್ಲಿವೆ. ಹಕ್ಕಿ ಇದ್ದಲ್ಲೇ ಇದೆ, ಅದೇ ಕೊಂಬೆಯಲ್ಲಿ ಕೂತು ಹಾಡುತ್ತಿದೆ. ಮನೆ ಬದಲಾಯಿಸಿದ್ದು ನಾವು.

ತುಂಗೆಯ ದಡ:
ಮೇಷ್ಟ್ರೇ, ಅಂಡಮಾನಿನ ಹಕ್ಕಿಗಳ ಬಗ್ಗೆ ಎ.ಒ. ಹ್ಯೂಮ್ ಕೂಡ ಬರೆದಿದ್ದಾರೆ ಅಲ್ವಾ? ಕಾಂಗ್ರೆಸ್ ಹ್ಯೂಮ್ ಅವರೇನಾ?

ನಿವೃತ್ತ ಮೇಷ್ಟ್ರು:
ಅವರೇ. 1885ರಲ್ಲಿ ಕಾಂಗ್ರೆಸ್ ಶುರು ಮಾಡಿದವರಲ್ಲಿ ಒಬ್ಬರು. ಅದಕ್ಕೂ ಮುಂಚೆ 1873ರಲ್ಲಿ ಹಡಗಿನಲ್ಲಿ ಅಂಡಮಾನ್, ನಿಕೋಬಾರ್ ಸುತ್ತಿ ಹಕ್ಕಿಗಳನ್ನು ಸಂಗ್ರಹಿಸಿ, ತಾವೇ ನಡೆಸುತ್ತಿದ್ದ ಪತ್ರಿಕೆಯಲ್ಲಿ ದೀರ್ಘವಾಗಿ ಬರೆದರು. ಇತಿಹಾಸ ಪಾಠ ಮಾಡುವಾಗ ಈ ವಿಷಯ ಹೇಳಿದರೆ ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು.

ಶಾಮಾದ ಬಗ್ಗೆ ಇನ್ನೊಂದು ಮಾತು. ಪ್ರಪಂಚದಲ್ಲಿ ನಮಗೆ ತಿಳಿದಿರುವ ಮೊಟ್ಟಮೊದಲ ಹಕ್ಕಿ ಹಾಡಿನ ರೆಕಾರ್ಡಿಂಗ್ ಶಾಮಾದ್ದೇ. 1889ರಲ್ಲಿ ಜರ್ಮನಿಯಲ್ಲಿ ಲುಡ್ವಿಗ್ ಕಾಖ್ ಅನ್ನುವ ಹುಡುಗ ಮನೆಯಲ್ಲಿ ಸಾಕಿದ್ದ ಶಾಮಾದ ಹಾಡನ್ನು ಎಡಿಸನ್ ಯಂತ್ರದ ಮೇಣದ ಸಿಲಿಂಡರಿಗೆ ಇಳಿಸಿದ. ಆ ಧ್ವನಿ ಇವತ್ತಿಗೂ ಉಳಿದಿದೆ.

ತುಂಗೆಯ ದಡ:
ಇದು ಗೊತ್ತಿರಲಿಲ್ಲ! ಮೈ ಜುಮ್ಮೆಂದಿತು.

ದ್ವೀಪದಲ್ಲಿ ಕೆಲಸ:
ನಾನು ಹಾಸನದ ಕಡೆಯವನು, ಕೆಲಸದ ಮೇಲೆ ಆರು ವರ್ಷದಿಂದ ಪೋರ್ಟ್ ಬ್ಲೇರಿನಲ್ಲಿ ಇದ್ದೇನೆ. 2024ರಿಂದ ಊರಿನ ಹೆಸರು ಶ್ರೀ ವಿಜಯಪುರಂ. ಹೇಗೆ ಮೌಂಟ್ ಹ್ಯಾರಿಯೆಟ್ 2021ರಲ್ಲಿ ಮೌಂಟ್ ಮಣಿಪುರ ಆಯ್ತೋ ಹಾಗೆ. ಬಾಯಲ್ಲಿ ಇನ್ನೂ ಹಳೇ ಹೆಸರೇ ಬರುತ್ತದೆ.

ಶಾಮಾದ ವಿಷಯಕ್ಕೆ ಬರುತ್ತೇನೆ. ಪುಸ್ತಕದ ಲೆಕ್ಕ ನನಗೆ ಅಷ್ಟು ಗೊತ್ತಿಲ್ಲ. ಆದರೆ ಈ ಹಕ್ಕಿಯ ಜೊತೆ ಆರು ಮಳೆಗಾಲ ಕಳೆದಿದ್ದೇನೆ. ಊರಿಗೆ ಬಂದಾಗಲೆಲ್ಲ ಸಕಲೇಶಪುರದ ಕಾಡಿನಲ್ಲಿ ನಮ್ಮ ಶಾಮಾ ಕೇಳುತ್ತೇನೆ. ನನ್ನ ಕಿವಿಗೆ ಎರಡೂ ಒಂದೇ ಅಲ್ಲ. ಊರಿನದು ತುಂಬಿ ತುಂಬಿ ಹಾಡುತ್ತದೆ, ಬೇರೆ ಹಕ್ಕಿಗಳ ದನಿಯನ್ನೂ ನಡುವೆ ಸೇರಿಸಿಕೊಳ್ಳುತ್ತದೆ, ಮುಂದೇನು ಬರುತ್ತೆ ಅಂತ ಹೇಳೋಕೆ ಆಗಲ್ಲ. ಇಲ್ಲಿಯದರ ಹಾಡು ನನಗೆ ಸ್ವಲ್ಪ ಸರಳ ಅನ್ನಿಸುತ್ತದೆ. ಇದು ಒಬ್ಬನ ಕಿವಿಯ ಮಾತು, ಸಾಕ್ಷಿ ಅಂತ ತಗೋಬೇಡಿ.

ಇಲ್ಲಿಯ ಹೊಟ್ಟೆ ಬಿಳುಪು ಮಾತ್ರ ಅನುಮಾನ ಇಲ್ಲದ ವಿಷಯ. ಮಬ್ಬು ಕಾಡಿನಲ್ಲಿ ಅದು ಎದ್ದು ಕಾಣುತ್ತದೆ. ಘಟ್ಟದ ಹಾಗೆ ಇಟ್ಟಿಗೆ ಹೊಟ್ಟೆಯದು ಇಲ್ಲಿ ಒಂದೂ ಕಂಡಿಲ್ಲ.

ಬಿಸಿಲೆ ದಾರಿ:
ಅಣ್ಣ, ನಿಮ್ಮ ಮಾತಿಗೆ ಬೆಲೆ ಕೊಡುತ್ತೇನೆ. ಆರು ವರ್ಷ ಕೇಳಿದ ಕಿವಿ ಸುಮ್ನೆ ಅಲ್ಲ. ಆದರೆ ಒಂದೇ ಪ್ರಭೇದದ ಹಕ್ಕಿಗಳೂ ಊರಿಂದ ಊರಿಗೆ ಬೇರೆ ಥರ ಹಾಡುತ್ತವೆ. ಶಾಮಾ ಕೇಳಿ ಕಲಿಯುವ ಹಕ್ಕಿ. ನಮ್ಮಲ್ಲೇ ಮಂಗಳೂರು ಕನ್ನಡ, ಧಾರವಾಡ ಕನ್ನಡ ಇಲ್ವಾ?

ಲ್ಯಾಬಿನ ಹುಡುಗಿ:
ಒಪ್ಪಿದೆ. ಕಲಿಯುವ ಹಕ್ಕಿಗಳಲ್ಲಿ ಹಾಡನ್ನು ಎಚ್ಚರಿಕೆಯಿಂದ ತೂಗಬೇಕು. ಆದರೆ ಬಣ್ಣ ಕೇಳಿ ಕಲಿಯುವುದಲ್ಲ ಅಲ್ವಾ. ಇಡೀ ದ್ವೀಪಸಮೂಹದಲ್ಲಿ ಎಲ್ಲವೂ ಬಿಳಿ ಹೊಟ್ಟೆ, ನಡುವಿನ ಬಣ್ಣದವು ಇಲ್ಲ.

ಇಲ್ಲಿ ಸಮುದ್ರದ ಪಾತ್ರ ದೊಡ್ಡದು. ಸುಮಾರು 20,000 ವರ್ಷದ ಹಿಂದೆ, ಹಿಮಯುಗದಲ್ಲಿ, ಸಮುದ್ರ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಆಗ ಉತ್ತರ, ಮಧ್ಯ, ದಕ್ಷಿಣ ಅಂಡಮಾನ್ ಎಲ್ಲಾ ಕೂಡಿ ಒಂದೇ ದೊಡ್ಡ ದ್ವೀಪ ಆಗಿತ್ತು. ಬೋರ್ನಿಯೋ, ಸುಮಾತ್ರಾ, ಜಾವಾ ಆಗ ಏಷ್ಯಾದ ನೆಲಕ್ಕೇ ಅಂಟಿಕೊಂಡಿದ್ದವು, ಹಕ್ಕಿಗಳು ಕಾಡಿನ ಮೇಲೆ ಹಾರಿ ಬಂದು ಬೆರೆಯಬಹುದಿತ್ತು. ಅಂಡಮಾನಿನ ಶಾಮಾಗಳು ತಮ್ಮೊಳಗೆ ಬೆರೆತವು, ಹೊರಗಿನವರ ಜೊತೆ ಅಷ್ಟು ಸುಲಭವಾಗಿ ಅಲ್ಲ. ನಾನು ಎರಡು ಪ್ರಭೇದ ಅನ್ನುವ ಕಡೆ ವಾಲುವುದಕ್ಕೆ ಇದೇ ಕಾರಣ.

ಸಿಂಗಾಪುರದಿಂದ ಅಕ್ಕ:
ಬೋರ್ನಿಯೋ ಹೆಸರು ಬಂತು, ಅದಕ್ಕೇ ಬರೆಯುತ್ತಿದ್ದೇನೆ. ಬೋರ್ನಿಯೋದ ಸಬಾ ಕಡೆ ಹೋದರೆ ಅಲ್ಲಿಯ ಶಾಮಾಗೆ ತಲೆಯ ಮೇಲೆ ಬಿಳಿ ಟೋಪಿ ಹಾಕಿದ ಹಾಗಿದೆ. ಬಿಳಿನೆತ್ತಿ ಶಾಮಾ. ದೂರದಿಂದ ನೋಡಿದರೂ ಬೇರೆ ಹಕ್ಕಿ ಅಂತ ಅನ್ನಿಸುತ್ತದೆ. ಅದು ಕರಿತಲೆ ಶಾಮಾ ಜೊತೆ ಸಂಧಿಸುವ ಜಾಗದಲ್ಲಿ ಎರಡೂ ಬೆರೆಯುತ್ತವೆ, ಮಿಶ್ರ ಮರಿಗಳೂ ಆಗುತ್ತವೆ. ಅದಕ್ಕೆ ಕೆಲವು ಪಟ್ಟಿಗಳು ಅದನ್ನು ಬೇರೆ ಪ್ರಭೇದ ಅಂದವು, ಕೆಲವು ಅನ್ನಲಿಲ್ಲ. ನೋಡಿ, ಅಷ್ಟು ಎದ್ದು ಕಾಣುವ ವ್ಯತ್ಯಾಸ ಇದ್ದ ಕಡೆಯೇ ಇಷ್ಟು ಗೊಂದಲ.

ನನಗೆ ಇದಕ್ಕಿಂತ ದೊಡ್ಡ ಸಂಕಟ ಪಂಜರದ್ದು. ಇಂಡೋನೇಷ್ಯಾದಲ್ಲಿ ಶಾಮಾಗೆ ಮುರಾಯ್ ಬಾತು ಅನ್ನುತ್ತಾರೆ. ಹಾಡಿನ ಸ್ಪರ್ಧೆಗೆ ಅದೇ ರಾಜ. ಒಳ್ಳೆಯ ಹಾಡುಗಾರನಿಗೆ ಕೇಳಿದಷ್ಟು ದುಡ್ಡು. ಇದರಿಂದ ಸುಮಾತ್ರಾದ ಪಶ್ಚಿಮದ ಚಿಕ್ಕ ದ್ವೀಪಗಳಲ್ಲಿ, ಸಿಮೆಲ್ಯೂ, ನಿಯಾಸ್ ಕಡೆ, ಶಾಮಾಗಳನ್ನು ಹಿಡಿದು ಹಿಡಿದು ಕಾಡು ಖಾಲಿಯಾಗುತ್ತಾ ಬಂದಿದೆ. ಪೂರ್ತಿ ಕಪ್ಪು ಬಾಲದ ಶಾಮಾ ಅಲ್ಲಿನದು, ಈಗ ಅದನ್ನೂ ಬೇರೆ ಪ್ರಭೇದ ಅನ್ನುತ್ತಾರೆ. ‘ಶಾಮಾ ಏಷ್ಯಾ ತುಂಬಾ ಇದೆ, ಚಿಂತೆ ಇಲ್ಲ’ ಅಂತ ಒಂದೇ ಹೆಸರಿನ ಕೆಳಗೆ ಇಟ್ಟುಕೊಂಡಿದ್ದ ಕಾಲದಲ್ಲಿ ಆ ದ್ವೀಪದ ಹಕ್ಕಿ ಕಡಿಮೆ ಆಗುತ್ತಿರುವುದು ಯಾರ ಲೆಕ್ಕಕ್ಕೂ ಬರಲಿಲ್ಲ. ಅದಕ್ಕೇ ಹೆಸರಿನ ಜಗಳವನ್ನು ಸುಮ್ನೆ ಪುಸ್ತಕದ ಜಗಳ ಅಂತ ನಾನು ತಳ್ಳಿಹಾಕುವುದಿಲ್ಲ.

ಕೊಪ್ಪದ ಮಳೆ:
ಅಕ್ಕ, ನೂರಕ್ಕೆ ನೂರು.

ಬಿಸಿಲೆ ದಾರಿ:
ಅಕ್ಕ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಈ ವಾದವನ್ನು ನಾನು ಯಾವಾಗಲೂ ವಿರೋಧಿಸುತ್ತೇನೆ. ಉಳಿಸಬೇಕು ಅನ್ನುವ ಆಸೆಗೆ ಪ್ರಭೇದ ಅಂತ ಕರೆಯಬಾರದು. ಬೇರೆ ಅಂತ ಗೊತ್ತಾದ ಮೇಲೆ ಕರೆಯಬೇಕು. ಉಪಪ್ರಭೇದವನ್ನೂ ಉಳಿಸಲು ಕಾನೂನು ಬೇಕು, ದುಡ್ಡು ಬೇಕು. ಅದನ್ನು ಕೇಳೋಣ. ಹೆಸರಿನ ಹಲಗೆ ಬದಲಾಯಿಸಿದರೆ ಮಾತ್ರ ಸರಕಾರಕ್ಕೆ ಕಣ್ಣು ಕಾಣುತ್ತದೆ ಅನ್ನುವ ಸ್ಥಿತಿ ಸರಿಯಲ್ಲ.

ಸಿಂಗಾಪುರದಿಂದ ಅಕ್ಕ:
ಇರಬೇಕಾದ್ದು ನೀವು ಹೇಳಿದ ಹಾಗೇ ತಮ್ಮ. ಆದರೆ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿ ನಡೆಯುವುದು ಮುಖ್ಯವಾಗಿ ಪ್ರಭೇದದ ಲೆಕ್ಕದಲ್ಲಿ. ಇದೇ ಕುಲದ ಸೆಶೆಲ್ಸ್ ಮಡಿವಾಳದ ಕಥೆ ನೋಡಿ. 1960ರ ದಶಕದಲ್ಲಿ ಫ್ರೆಗೇಟ್ ಅನ್ನುವ ಒಂದು ಪುಟ್ಟ ದ್ವೀಪದಲ್ಲಿ 20ಕ್ಕಿಂತ ಕಡಿಮೆ ಹಕ್ಕಿ ಉಳಿದಿದ್ದವು. ಬೆಕ್ಕುಗಳನ್ನು ತೆಗೆದರು, ಗೂಡಿನ ಪೆಟ್ಟಿಗೆ ಇಟ್ಟರು, ಬೇರೆ ದ್ವೀಪಗಳಿಗೆ ಒಯ್ದು ಬಿಟ್ಟರು. ಈಗ ಕೆಲವು ನೂರು ಇವೆ. ಅದು ಯಾವುದೋ ಒಂದರ ಉಪಪ್ರಭೇದ ಅಂತ ಇದ್ದಿದ್ದರೆ ಇಷ್ಟು ಜನ ಇಷ್ಟು ವರ್ಷ ಹಿಂದೆ ಬೀಳುತ್ತಿದ್ದರಾ?

ಬಾಬಾಬುಡನ್ ಮಂಜು:
ದ್ವೀಪ ಅಂದರೆ ಸಮುದ್ರವೇ ಬೇಕು ಅಂತಿಲ್ಲ ಅನ್ನೋದನ್ನ ಸೇರಿಸುತ್ತೇನೆ. ನಮ್ಮ ಶೋಲಾ ಕಾಡುಗಳೂ ದ್ವೀಪಗಳೇ. ಮೇಲೆ ತಂಪು ಕಾಡು, ಸುತ್ತ ಬಿಸಿ ಕಣಿವೆ. ಆ ಕಣಿವೆಯೇ ಅಲ್ಲಿಯ ಹಕ್ಕಿಗೆ ಸಮುದ್ರ. ನಮ್ಮ ಬಾಬಾಬುಡನ್‌ಗಿರಿಯಲ್ಲಿ ಇರುವ ನೀಲಿ ರಾಬಿನ್ ಅನ್ನು ಮೊದಲು ಶಾರ್ಟ್‌ವಿಂಗ್ ಅನ್ನುತ್ತಿದ್ದರು, ಬ್ರಾಕಿಪ್ಟೆರಿಕ್ಸ್ ಕುಲ. ಆಮೇಲೆ ಮಯೋಮೆಲಾ. 2017ರಲ್ಲಿ ಡಿಎನ್‌ಎ, ಹಾಡು, ಅಳತೆ ಎಲ್ಲಾ ನೋಡಿ ಶೋಲಿಕೋಲಾ ಅಂತ ಹೊಸ ಕುಲವೇ ಮಾಡಿದರು. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆ ಕೂಡ ಆ ಕೆಲಸದಲ್ಲಿ ಇತ್ತು. ಅದೇ ಅಧ್ಯಯನದಲ್ಲಿ ದಕ್ಷಿಣದ ಅಶಾಂಬು ಬೆಟ್ಟದ್ದು ಬೇರೆ ಪ್ರಭೇದ ಅಂತ ಆಯ್ತು. ನಡುವೆ ಇರುವುದು ಶೆಂಕೋಟೆ ಕಣಿವೆ, ಅಷ್ಟೆ. ಒಂದು ಕಣಿವೆ ಇಷ್ಟು ಮಾಡಿದರೆ ಸಮುದ್ರ ಎಷ್ಟು ಮಾಡಬೇಡ?

ಬಿಸಿಲೆ ದಾರಿ:
ಮಂಜು, ಈ ಉದಾಹರಣೆ ಮಾತ್ರ ನನ್ನನ್ನು ಅಲ್ಲಾಡಿಸಿತು. ನೀಲಿ ರಾಬಿನ್ ಕೆಲಸ ನಾನು ಓದಿದ್ದೇನೆ, ಅದಕ್ಕೆ ಎದುರು ಹೇಳಲಾರೆ. ಶಾಮಾಕ್ಕೂ ಅಷ್ಟೇ ಗಟ್ಟಿ ಕೆಲಸ, ಒಂದೊಂದು ಜಾಗದಿಂದ ಹಾಡಿನ ರೆಕಾರ್ಡಿಂಗ್, ಎಲ್ಲಾ ಕೂಡಿಸಿ ತೋರಿಸಿದರೆ ನಾನು ಮೊದಲು ಕೈ ಎತ್ತುತ್ತೇನೆ.

ತುಂಗೆಯ ದಡ:
ಒಂದು ಸಣ್ಣ ಪ್ರಶ್ನೆ. ಇ-ಬರ್ಡ್ ಒಂದು ಹೇಳಿ, ಬರ್ಡ್‌ಲೈಫ್ ಇನ್ನೊಂದು ಹೇಳಿ, ಐಒಸಿ ಅನ್ನುವ ಇನ್ನೊಂದು ಜಾಗತಿಕ ಪಟ್ಟಿ ಮತ್ತೊಂದು ಹೇಳಿದರೆ ನಮ್ಮಂಥವರು ಏನು ಮಾಡಬೇಕು?

ಲ್ಯಾಬಿನ ಹುಡುಗಿ:
ಅದಕ್ಕೇ ಈಗ ಅವಿಲಿಸ್ಟ್ ಬಂದಿದೆ, 2025ರ ಜೂನ್‌ನಲ್ಲಿ. ಎಲ್ಲರೂ ಕೂತು ಮಾಡಿದ ಒಂದೇ ಪಟ್ಟಿ, 11,131 ಪ್ರಭೇದ. ನಮ್ಮ ದೇಶದ ಮಟ್ಟಿಗೆ ಇಂಡಿಯನ್ ಬರ್ಡ್ಸ್ ಪತ್ರಿಕೆಯವರು 2016ರಲ್ಲಿ 1,263 ಪ್ರಭೇದಗಳ ಪಟ್ಟಿ ಕೊಟ್ಟರು, ಆಮೇಲೆ ತಿದ್ದುತ್ತಲೇ ಇದ್ದಾರೆ. ಪಟ್ಟಿ ಒಂದಾದರೂ ವಾದ ನಿಲ್ಲುವುದಿಲ್ಲ, ನಿಲ್ಲಲೂಬಾರದು.

ದ್ವೀಪದಲ್ಲಿ ಕೆಲಸ:
ಒಂದು ಬೇಡಿಕೆ ಎಲ್ಲರಿಗೂ. ಇಲ್ಲಿಗೆ ಬರುವ ಕೆಲವರು ಫೋನಿನಲ್ಲಿ ಶಾಮಾ ಹಾಡು ಹಾಕಿ ಹಕ್ಕಿಯನ್ನು ಹೊರಗೆ ಕರೆಯುತ್ತಾರೆ. ಅದೂ ಘಟ್ಟದ ಶಾಮಾ ಹಾಡು ಹಾಕಿದ್ದನ್ನು ನೋಡಿದ್ದೇನೆ. ಗೂಡು ಕಟ್ಟುವ ಕಾಲದಲ್ಲಿ ಗಂಡು ತನ್ನ ಜಾಗಕ್ಕೆ ಯಾರೋ ಬಂದರು ಅಂತ ಗಾಬರಿಯಾಗಿ ಸುತ್ತುತ್ತದೆ, ಮರಿಗೆ ತಿನ್ನಿಸುವುದು ಬಿಟ್ಟು. ಫೋಟೋಗೋಸ್ಕರ ಹೀಗೆ ಮಾಡಬೇಡಿ. ಕಾಳಿತೀರ ಅವರ ಹಾಗೆ ಹತ್ತು ನಿಮಿಷ ನಿಲ್ಲಿ, ಅದೇ ಬರುತ್ತದೆ.

ಬಿಸಿಲೆ ದಾರಿ:
ಇದಕ್ಕೆ ನನ್ನ ಪೂರ್ತಿ ಬೆಂಬಲ.

ಕಾಳಿತೀರ:
ಇಷ್ಟು ಜನ ಇಷ್ಟು ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಎಲ್ಲಾ ಎರಡು ಸಲ ಓದಿದೆ. ನಾನು ಅಂಡಮಾನ್ ಶಾಮಾ ಅಂತ ಬೇರೆ ಬರೆದುಕೊಂಡಿದ್ದೇನೆ. ಬ್ಲೈತ್ ವಿಷಯ ಓದಿದ ಮೇಲೆ ಮನಸ್ಸು ಆ ಕಡೆ ಹೋಯ್ತು, ಬಿಸಿಲೆ ಅವರ ಪ್ರಶ್ನೆಗಳನ್ನೂ ಪಕ್ಕದಲ್ಲೇ ಬರೆದಿಟ್ಟಿದ್ದೇನೆ.

ಅವತ್ತು ಫೋನಿನಲ್ಲಿ ಒಂದೂವರೆ ನಿಮಿಷ ರೆಕಾರ್ಡ್ ಮಾಡಿದ್ದೆ. ಗಾಳಿ ಸದ್ದು ಜಾಸ್ತಿ ಇದೆ, ಆದರೂ ಹಾಡು ಕೇಳುತ್ತದೆ. ಇಲ್ಲಿ ಹಾಕಿದ್ದೇನೆ, ಇ-ಬರ್ಡಿಗೂ ಸೇರಿಸಿದ್ದೇನೆ. ಮುಂದಿನ ವಾರ ಗಣೇಶಗುಡಿಯಲ್ಲಿ ನಮ್ಮ ಶಾಮಾದ್ದೂ ಮಾಡಿ ಹಾಕುತ್ತೇನೆ. ಎರಡನ್ನೂ ಜೊತೆಗಿಟ್ಟು ಕೇಳೋಣ.

ದ್ವೀಪದಲ್ಲಿ ಕೆಲಸ:
ಇಯರ್‌ಫೋನ್ ಹಾಕಿ ಕೇಳಿದೆ. ಮೊದಲ ಅರ್ಧ ಶಾಮಾನೇ, ಅನುಮಾನ ಇಲ್ಲ. ಆದರೆ ಒಂದು ನಿಮಿಷದ ಹತ್ತಿರ ಎಡಗಡೆಯಿಂದ ಉತ್ತರ ಕೊಡುವ ಇನ್ನೊಂದು ಇದೆ ನೋಡಿ, ಅದು ಶಾಮಾ ಅಲ್ಲ ಅಂತ ನನಗೆ ಅನ್ನಿಸುತ್ತಿದೆ. ಭೀಮರಾಜ ಇರಬಹುದು. ಚಿಡಿಯಾ ಟಾಪುವಿನಲ್ಲಿ ಅದು ಬೇರೆಯವರ ಹಾಡನ್ನು ಹಾಗೇ ಎತ್ತಿಕೊಂಡು ಹಾಡುತ್ತದೆ.

ಬಿಸಿಲೆ ದಾರಿ:
ಹಾಗಾದರೆ ಕಾಳಿತೀರ ಅವರೇ, ಆ ರೆಕಾರ್ಡಿಂಗಿನ ಕೊನೆಯ ಅರ್ಧ ನಿಮಿಷ ಕತ್ತರಿಸಿ ಬೇರೆ ಹಾಕಿ. ನಾಳೆ ಯಾರಾದರೂ ಶಾಮಾ ಹಾಡು ಅಂತ ಅಳೆಯಲು ಹೋದರೆ ಭೀಮರಾಜನ ದನಿ ಅದರಲ್ಲಿ ಸೇರಿಬಿಡುತ್ತದೆ.

ಕಾಳಿತೀರ:
ಸರಿ ಅಣ್ಣ, ಇವತ್ತು ರಾತ್ರಿಯೇ ಮಾಡುತ್ತೇನೆ.